ಘಟ್ಟ ಇಳಿಯುವ ಪಾರ್ಸೆಲ್‌ಗೆ ಬೆಲೆ ಕಟ್ಟುವವರು ಯಾರು?

ಅನಮೋಡ (ಜೋಯಿಡಾ): ಬೆಳಗಾವಿಯಿಂದ ಖಾನಾಪುರ, ಲೋಂಡಾ, ರಾಮನಗರಗಳನ್ನು ಹಾದು ಬರುವ ರಸ್ತೆ ಅನಮೋಡದಲ್ಲಿ ಕರ್ನಾಟಕದ ಗಡಿಯನ್ನು ತಲುಪುತ್ತದೆ. ಅಲ್ಲಿಂದ ಮುಂದೆ ಘಟ್ಟದ ತಿರುವುಗಳು. ಘಟ್ಟ ಇಳಿದರೆ ಗೋವಾದ ಮೊಲೆಂ, ಆಮೇಲೆ ಫೋಂಡಾ, ಪಣಜಿ. ಹಿಂದೆ ರಾಷ್ಟ್ರೀಯ ಹೆದ್ದಾರಿ 4ಎ ಎನಿಸಿಕೊಂಡಿದ್ದ ಈ ದಾರಿಗೆ ಈಗ 748 ಎಂಬ ಸಂಖ್ಯೆ ಇದೆ. ಲಾರಿಗಳ ಸಾಲಿನಲ್ಲಿ ಈಗ ಕೊರಿಯರ್ ವಾಹನಗಳೂ ಸೇರಿಕೊಂಡಿವೆ. ಅವುಗಳ ಹೊಟ್ಟೆಯಲ್ಲಿರುವ ಕಂದು ಬಣ್ಣದ ಪೆಟ್ಟಿಗೆಗಳಲ್ಲಿ ಮೊಬೈಲ್, ಸೀರೆ, ಪುಸ್ತಕಗಳ ಜತೆಗೆ ಈ ಭಾಗದ ಕೈಕೆಲಸದ ವಸ್ತುಗಳೂ ಪ್ರಯಾಣ ಮಾಡುತ್ತವೆ.

ಹಳಿಯಾಳ, ಜೋಯಿಡಾ, ಮುಂಡಗೋಡ, ಯಲ್ಲಾಪುರ ತಾಲೂಕುಗಳ ಸಿದ್ದಿ ಮಹಿಳೆಯರು ಹಳೆಯ ಬಟ್ಟೆಗಳ ತುಂಡುಗಳನ್ನು ಜೋಡಿಸಿ ಕೈಯಿಂದಲೇ ಹೊಲಿಯುವ ಕೌದಿಗಳು ಕಲಾಸಕ್ತರ ಗಮನ ಸೆಳೆದು ಬಹಳ ಕಾಲವಾಯಿತು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳನ್ನು ಅಧ್ಯಯನ ಮಾಡಿ ಅಲ್ಲಿನ ಪ್ರದರ್ಶನಗಳಿಗೂ ಕೊಂಡೊಯ್ದರು. 1966ರಲ್ಲಿ ನೆಲೆಗೊಂಡ ಮುಂಡಗೋಡದ ಟಿಬೆಟನ್ ನಿರಾಶ್ರಿತರ ವಸತಿಯಲ್ಲಿ ಕೈಮಗ್ಗದ ನೆಲಹಾಸು, ತಾಂಗ್ಕಾ ಚಿತ್ರಗಳ ಪರಂಪರೆ ಇದೆ. ಇಂಥ ವಸ್ತುಗಳಿಗೆ ದೂರದ ಊರಿನ ಗ್ರಾಹಕರು ಸಿಗುವುದು ಅಂತರ್ಜಾಲದ ಮೂಲಕ. ಆದರೆ ವಸ್ತು ಗ್ರಾಹಕರ ಕೈ ಸೇರುವುದು ಮಾತ್ರ ಹಳೆಯ ವಿಧಾನದಲ್ಲೇ, ಅಂದರೆ ರಸ್ತೆ, ರೈಲು ಅಥವಾ ವಿಮಾನದಲ್ಲಿ. ಆ ನಡುವಿನ ಹಾದಿಯಲ್ಲಿ ಪೆಟ್ಟಿಗೆ ಕಳೆದುಹೋದರೆ, ನೀರು ಕುಡಿದರೆ, ಲಾರಿಯೇ ಉರುಳಿದರೆ ನಷ್ಟ ಯಾರದು? ಎಷ್ಟು ಹಣ ಮರಳಿ ಬರುತ್ತದೆ?

ಬಹುತೇಕ ಸಣ್ಣ ಮಾರಾಟಗಾರರು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ನಷ್ಟವಾದ ಮೇಲೆ. ಆಗ ಸಿಗುವ ಉತ್ತರ ಸಾಮಾನ್ಯವಾಗಿ ನಿರಾಸೆಯದು. ಏಕೆಂದರೆ ಸಾಗಣೆಯ ಲೋಕದಲ್ಲಿ ವಸ್ತುವಿನ ನಿಜವಾದ ಬೆಲೆಗಿಂತ ಕಾಗದದ ಮೇಲೆ ಬರೆದ ಬೆಲೆಗೆ ಹೆಚ್ಚು ತೂಕವಿದೆ. ಕಾಗದದ ಮೇಲೆ ಏನೂ ಬರೆಯದಿದ್ದರೆ ಕಾನೂನೇ ಒಂದು ಬೆಲೆಯನ್ನು ಬರೆದುಕೊಳ್ಳುತ್ತದೆ. ಅದು ಬಹಳ ಚಿಕ್ಕದು.

ನಷ್ಟ ಯಾರ ಹೆಗಲಿಗೆ?

1930ರ ಸರಕು ಮಾರಾಟ ಕಾಯ್ದೆಯ ಸಾಮಾನ್ಯ ತತ್ವದ ಪ್ರಕಾರ ಒಡೆತನ ಯಾರದೋ ಅಪಾಯವೂ ಅವರದೇ. ಖರೀದಿದಾರನಿಗೆ ತಲುಪಿಸಲೆಂದು ಸಾಗಣೆದಾರನ ಕೈಗೆ ಸರಕು ಕೊಟ್ಟರೆ, ಮೇಲ್ನೋಟಕ್ಕೆ ಅದು ಖರೀದಿದಾರನಿಗೆ ಒಪ್ಪಿಸಿದಂತೆಯೇ. ಇಬ್ಬರು ವರ್ತಕರ ನಡುವಿನ ಹಳೆಯ ವ್ಯಾಪಾರಕ್ಕೆ ಈ ನಿಯಮ ಹೊಂದುತ್ತದೆ. ಆದರೆ ಇಬ್ಬರೂ ಬೇರೆ ರೀತಿ ಒಪ್ಪಿಕೊಂಡಿದ್ದರೆ ಆ ಒಪ್ಪಂದವೇ ನಡೆಯುತ್ತದೆ ಎಂದೂ ಕಾಯ್ದೆ ಹೇಳುತ್ತದೆ.

ಆನ್‌ಲೈನ್ ಮಾರುಕಟ್ಟೆಗಳ ಷರತ್ತುಗಳು ಸಾಮಾನ್ಯವಾಗಿ ಈ 'ಬೇರೆ ರೀತಿ'ಯವು. ಗ್ರಾಹಕರ ಬಾಗಿಲಿಗೆ ಪೆಟ್ಟಿಗೆ ತಲುಪುವವರೆಗೆ ಹೊಣೆ ಮಾರಾಟಗಾರರದು. ಇದಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮತ್ತು 2020ರ ಜುಲೈನಲ್ಲಿ ಬಂದ ಇ-ವಾಣಿಜ್ಯ ನಿಯಮಗಳ ಬೆಂಬಲವೂ ಇದೆ. ದೋಷವಿರುವ ವಸ್ತುವನ್ನು ವಾಪಸು ಪಡೆಯಲು ಅಥವಾ ಹಣ ಮರಳಿಸಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಒಡೆದ ಪಾತ್ರೆ, ನೆನೆದ ಕೌದಿ ಕೈಗೆ ಬಂದ ಗ್ರಾಹಕರು 'ದಾರಿಯಲ್ಲಿ ಏನಾಯಿತೋ ನಮಗೆ ಗೊತ್ತಿಲ್ಲ' ಎಂಬ ಉತ್ತರವನ್ನು ಒಪ್ಪಬೇಕಾಗಿಲ್ಲ.

ಇದರ ಅರ್ಥ ಸ್ಪಷ್ಟ. ಘಟ್ಟದಲ್ಲಿ ಕಳೆದುಹೋದ ಪೆಟ್ಟಿಗೆಯ ಹಣವನ್ನು ಮಾರಾಟಗಾರರು ಗ್ರಾಹಕರಿಗೆ ಮರಳಿಸಬೇಕು. ಆಮೇಲೆ ಅದನ್ನು ಬೇರೆ ಯಾರಿಂದಲಾದರೂ ವಸೂಲು ಮಾಡಿಕೊಳ್ಳಬೇಕು. ಆ 'ಬೇರೆ ಯಾರು' ಇಬ್ಬರೇ: ಸಾಗಣೆದಾರ ಮತ್ತು ವಿಮಾ ಕಂಪನಿ.

ಸಾಗಣೆದಾರನ ಹೊಣೆ: ಬಾಡಿಗೆಯ ಹತ್ತು ಪಟ್ಟು

1865ರ ಕ್ಯಾರಿಯರ್ಸ್ ಕಾಯ್ದೆಯ ಸ್ಥಾನದಲ್ಲಿ 2007ರ ರಸ್ತೆ ಮೂಲಕ ಸಾಗಣೆ ಕಾಯ್ದೆ ಬಂತು. ಅದು ಜಾರಿಯಾದದ್ದು 2011ರ ಮಾರ್ಚ್ 1ರಂದು. ಮನೆಯಿಂದ ಮನೆಗೆ ತಲುಪಿಸುವ ಕೊರಿಯರ್ ಸಂಸ್ಥೆಗಳನ್ನೂ ಈ ಕಾಯ್ದೆ 'ಸಾಮಾನ್ಯ ಸಾಗಣೆದಾರ'ರ ಸಾಲಿಗೆ ಸೇರಿಸಿದೆ. ಆದ್ದರಿಂದ ಆನ್‌ಲೈನ್ ಮಾರಾಟಗಾರರಿಗೆ ಇದು ನೇರವಾಗಿ ಸಂಬಂಧಿಸಿದ್ದು.

ಈ ಕಾಯ್ದೆಯಡಿ 2011ರಲ್ಲಿ ರಚನೆಯಾದ ನಿಯಮಗಳು ಹೊಣೆಗೆ ಒಂದು ಮಿತಿ ಹಾಕಿವೆ. ಸರಕು ಕಳೆದರೆ ಅಥವಾ ಹಾಳಾದರೆ ಸಾಗಣೆದಾರ ಕೊಡಬೇಕಾದದ್ದು ಹೆಚ್ಚೆಂದರೆ ಸಾಗಣೆ ಬಾಡಿಗೆಯ ಹತ್ತು ಪಟ್ಟು. ಅದೂ ಸರಕು ಒಪ್ಪಿಸುವಾಗ ಬರೆದುಕೊಟ್ಟ ಬೆಲೆಯನ್ನು ಮೀರುವಂತಿಲ್ಲ. ಹೆಚ್ಚಿನ ಬೆಲೆಯನ್ನು ಘೋಷಿಸಿ, ಅದಕ್ಕೆ ತಕ್ಕ ಹೆಚ್ಚುವರಿ ದರವನ್ನು ತೆತ್ತಿದ್ದರೆ ಮಾತ್ರ ಈ ಮಿತಿ ಸಡಿಲವಾಗುತ್ತದೆ.

ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡಬಹುದು. ಹಳಿಯಾಳದ ಮಹಿಳಾ ಸಂಘವೊಂದು 15,000 ರೂಪಾಯಿ ಬೆಲೆಯ ಕೌದಿಯನ್ನು ಪಣಜಿಯ ಗ್ರಾಹಕರಿಗೆ ಕಳುಹಿಸಿತು, ಕೊರಿಯರ್ ಬಾಡಿಗೆ 300 ರೂಪಾಯಿ ಎಂದಿಟ್ಟುಕೊಳ್ಳೋಣ. ಪೆಟ್ಟಿಗೆ ಕಳೆದುಹೋದರೆ ಹತ್ತು ಪಟ್ಟಿನ ಲೆಕ್ಕದಲ್ಲಿ ಬರುವುದು 3,000 ರೂಪಾಯಿ. ಉಳಿದ 12,000 ರೂಪಾಯಿ ಸಂಘದ ಮಹಿಳೆಯರ ಕೈಯಿಂದ ಹೋಗುತ್ತದೆ. ಬಾಡಿಗೆ ಕಡಿಮೆ ಇದ್ದಷ್ಟೂ ಪರಿಹಾರವೂ ಕಡಿಮೆ. ಅಗ್ಗದ ಕೊರಿಯರ್ ಹುಡುಕಿ ಉಳಿಸಿದ ನೂರು ರೂಪಾಯಿ, ನಷ್ಟದ ದಿನ ಸಾವಿರ ರೂಪಾಯಿಯ ಪರಿಹಾರವನ್ನೇ ಕಡಿಮೆ ಮಾಡುತ್ತದೆ.

ಈ ಮಿತಿಯೊಳಗಿನ ಹೊಣೆಗೂ ಕೆಲವು ವಿನಾಯಿತಿಗಳಿವೆ. ನೈಸರ್ಗಿಕ ವಿಕೋಪ, ಯುದ್ಧ, ಗಲಭೆ, ಕಾನೂನಿನ ಪ್ರಕಾರ ನಡೆದ ಜಪ್ತಿ, ಸರ್ಕಾರ ಹೇರಿದ ನಿರ್ಬಂಧ ಮುಂತಾದ ಕಾರಣಗಳಿಂದ ನಷ್ಟವಾದರೆ ಸಾಗಣೆದಾರ ಹೊಣೆಯಲ್ಲ. ಆದರೆ ತಾನು ತಕ್ಕ ಎಚ್ಚರಿಕೆ ವಹಿಸಿದ್ದೆ ಎಂಬುದನ್ನು ಅವನು ತೋರಿಸಬೇಕಾಗುತ್ತದೆ. ಅನಮೋಡದಂಥ ಘಟ್ಟದಲ್ಲಿ ಇದು ಪುಸ್ತಕದ ಮಾತಲ್ಲ. ಮಳೆಗಾಲದಲ್ಲಿ ಗುಡ್ಡ ಕುಸಿದು ವಾಹನ ಸಿಕ್ಕಿಹಾಕಿಕೊಂಡರೆ, ಹತ್ತು ಪಟ್ಟಿನ ಪರಿಹಾರವೂ ವಿವಾದಕ್ಕೆ ಬೀಳಬಹುದು.

ರಸೀದಿಯ ಹಿಂಬದಿಯ ಸಣ್ಣಕ್ಷರಗಳನ್ನೂ ಕಡೆಗಣಿಸುವಂತಿಲ್ಲ. ಭಾರತಿ ನಿಟ್ಟಿಂಗ್ ಕಂಪನಿ ಮತ್ತು ಡಿಎಚ್‌ಎಲ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ನೀಡಿದ ತೀರ್ಪು ಇದಕ್ಕೆ ಸಾಕ್ಷಿ. ಜರ್ಮನಿಗೆ ಕಳುಹಿಸಿದ್ದ ದಾಖಲೆಗಳ ಲಕೋಟೆ ತಲುಪಲಿಲ್ಲ. ಕಳುಹಿಸಿದವರು ದೊಡ್ಡ ಮೊತ್ತದ ಪರಿಹಾರ ಕೇಳಿದರು. ಆದರೆ ಅವರು ಸಹಿ ಹಾಕಿದ್ದ ರಸೀದಿಯಲ್ಲಿ ಹೊಣೆಯ ಮಿತಿ 100 ಅಮೆರಿಕನ್ ಡಾಲರ್ ಎಂದಿತ್ತು. ಸಹಿ ಹಾಕಿದ ಒಪ್ಪಂದಕ್ಕೆ ಪಕ್ಷಗಾರರು ಬದ್ಧರು ಎಂದು ನ್ಯಾಯಾಲಯ ಆ ಮಿತಿಯನ್ನೇ ಎತ್ತಿಹಿಡಿಯಿತು.

'ಓನರ್ಸ್ ರಿಸ್ಕ್' ಎಂಬ ಎರಡು ಪದ

ಕೊರಿಯರ್ ಕಚೇರಿಯಲ್ಲಿ ತುಂಬುವ ಚೀಟಿಯಲ್ಲಿ ಸಾಮಾನ್ಯವಾಗಿ ಎರಡು ಚೌಕಗಳಿರುತ್ತವೆ. ಒಂದು 'ಓನರ್ಸ್ ರಿಸ್ಕ್', ಇನ್ನೊಂದು 'ಕ್ಯಾರಿಯರ್ಸ್ ರಿಸ್ಕ್'. ಮೊದಲನೆಯದು ಮಾಲೀಕರ ಅಪಾಯ, ಎರಡನೆಯದು ಸಾಗಣೆದಾರರ ಅಪಾಯ. ಯಾರೂ ಕೇಳದಿದ್ದರೆ ಗುರುತು ಬೀಳುವುದು ಮೊದಲನೆಯದಕ್ಕೇ. ಎರಡನೆಯದಕ್ಕೆ ಸರಕಿನ ಬೆಲೆಯ ಮೇಲೆ ಒಂದಿಷ್ಟು ಶುಲ್ಕ ಕೊಡಬೇಕು. ಸಾಗಣೆ ವಲಯದಲ್ಲಿ ಇದನ್ನು 'ಎಫ್ಒವಿ' ಎಂದು ಕರೆಯುವುದುಂಟು.

ಈ ಶುಲ್ಕ ಕೊಟ್ಟ ಮಾತ್ರಕ್ಕೆ ವಿಮೆ ಆಯಿತೆಂದು ತಿಳಿಯುವುದು ತಪ್ಪು. ಅದು ಸಾಗಣೆದಾರನ ಹೊಣೆಯ ಮಿತಿಯನ್ನು ಏರಿಸುತ್ತದೆ, ಅಷ್ಟೇ. ವಿಮಾ ಪಾಲಿಸಿಯಲ್ಲಿ ವಿಮಾ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ, ವಿಮಾ ಮೊತ್ತ, ಷರತ್ತುಗಳ ಪಟ್ಟಿ ಇರುತ್ತವೆ. ಇವು ಯಾವುವೂ ಇಲ್ಲದ 'ಇನ್ಶೂರೆನ್ಸ್ ಚಾರ್ಜ್' ಬಿಲ್ಲಿನಲ್ಲಿ ಕಂಡರೆ, ಪಾಲಿಸಿ ಯಾರದು ಎಂದು ಕೇಳುವುದು ಕಳುಹಿಸುವವರ ಹಕ್ಕು.

ಅಂಚೆ, ರೈಲು, ವಿಮಾನ: ದಾರಿ ಬೇರೆ, ಮಿತಿ ಬೇರೆ

ಜೋಯಿಡಾದಂಥ ಕಾಡಿನ ತಾಲೂಕಿನ ಹಳ್ಳಿಗಳಿಗೆ ಇಂದಿಗೂ ಹತ್ತಿರದ ಆಸರೆ ಅಂಚೆ ಕಚೇರಿ. 2007ರ ಸಾಗಣೆ ಕಾಯ್ದೆ ಸರ್ಕಾರವನ್ನು ಸಾಗಣೆದಾರರ ವ್ಯಾಖ್ಯೆಯಿಂದ ಹೊರಗಿಟ್ಟಿರುವುದರಿಂದ ಅಂಚೆಗೆ ಹತ್ತು ಪಟ್ಟಿನ ನಿಯಮ ಅನ್ವಯಿಸುವುದಿಲ್ಲ. 1898ರ ಕಾಯ್ದೆಯ ಬದಲಿಗೆ ಬಂದ 2023ರ ಅಂಚೆ ಕಚೇರಿ ಕಾಯ್ದೆ 2024ರ ಜೂನ್ 18ರಿಂದ ಜಾರಿಯಲ್ಲಿದೆ. ನಿಯಮಗಳಲ್ಲಿ ಹೇಳಿದಷ್ಟು ಹೊಣೆಯನ್ನು ಬಿಟ್ಟರೆ ಅಂಚೆ ಇಲಾಖೆಗೆ ಬೇರೆ ಹೊಣೆ ಇಲ್ಲ ಎನ್ನುತ್ತದೆ ಅದು. ಬೆಲೆಬಾಳುವ ವಸ್ತುವನ್ನು ಸಾದಾ ಪಾರ್ಸೆಲ್‌ನಲ್ಲಿ ಕಳುಹಿಸದೆ, ಬೆಲೆ ನಮೂದಿಸಿ ವಿಮೆ ಮಾಡಿಸುವ ಸೌಲಭ್ಯ ಅಂಚೆಯಲ್ಲಿ ಬಹಳ ಹಿಂದಿನಿಂದ ಇದೆ. ಆದರೆ ಹಳ್ಳಿಯ ಶಾಖಾ ಅಂಚೆ ಕಚೇರಿಗಳು ಸ್ವೀಕರಿಸುವ ವಿಮಾ ಮೊತ್ತ ಚಿಕ್ಕದು. ದೊಡ್ಡ ಬೆಲೆಯ ವಸ್ತುವಿಗೆ ಪಟ್ಟಣದ ಕಚೇರಿಗೇ ಹೋಗಬೇಕಾಗುತ್ತದೆ.

ರೈಲಿನಲ್ಲಿ ಕಳುಹಿಸುವ ಪಾರ್ಸೆಲ್‌ಗೆ 1989ರ ರೈಲ್ವೆ ಕಾಯ್ದೆ ಅನ್ವಯ. ಅಲ್ಲಿಯೂ ಅದೇ ತತ್ವ: ಬೆಲೆ ಘೋಷಿಸಿ ಶೇಕಡಾವಾರು ಶುಲ್ಕ ಕೊಡದಿದ್ದರೆ ಪರಿಹಾರ ಕಿಲೋ ಲೆಕ್ಕದಲ್ಲಿ ಸೀಮಿತ. ರೇಷ್ಮೆಯಾಗಲಿ ರದ್ದಿ ಕಾಗದವಾಗಲಿ, ತಕ್ಕಡಿಗೆ ಎರಡೂ ಒಂದೇ.

ವಿದೇಶಕ್ಕೆ ವಿಮಾನದಲ್ಲಿ ಹೋಗುವ ಸರಕಿಗೆ 1999ರ ಮಾಂಟ್ರಿಯಲ್ ಒಡಂಬಡಿಕೆ ಇದೆ. ಭಾರತದ ಮಟ್ಟಿಗೆ ಇದು 2009ರಲ್ಲಿ ಜಾರಿಗೆ ಬಂತು. ಒಡಂಬಡಿಕೆಯ ಮಿತಿಯನ್ನು 2024ರ ಡಿಸೆಂಬರ್ 28ರಿಂದ ಕಿಲೋ ಒಂದಕ್ಕೆ 26 ಎಸ್‌ಡಿಆರ್‌ಗೆ ಏರಿಸಲಾಗಿದೆ. ಎಸ್‌ಡಿಆರ್ ಎಂದರೆ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ. 3 ಕಿಲೋ ತೂಗುವ ಕೌದಿಗೆ ಈ ಲೆಕ್ಕದಲ್ಲಿ 78 ಎಸ್‌ಡಿಆರ್, ಎಂದರೆ ಹತ್ತು ಸಾವಿರ ರೂಪಾಯಿಯ ಆಸುಪಾಸು. ವಿದೇಶಿ ಗ್ರಾಹಕರು ಅದಕ್ಕೆ ಎಷ್ಟು ಕೊಟ್ಟಿದ್ದರೂ, ಬೆಲೆಯನ್ನು ವಿಶೇಷವಾಗಿ ಘೋಷಿಸದಿದ್ದರೆ ಮಿತಿ ಅಷ್ಟೇ.

ಸಮುದ್ರವಿಲ್ಲದ ಊರಿನಲ್ಲಿ 'ಮರೈನ್' ವಿಮೆ

ಸಾಗಣೆದಾರನ ಹೊಣೆಗೂ ವಸ್ತುವಿನ ಬೆಲೆಗೂ ನಡುವಿನ ಕಂದಕವನ್ನು ತುಂಬುವುದು ಸಾಗಣೆ ವಿಮೆ. ವಿಮಾ ಕಂಪನಿಗಳಲ್ಲಿ ಇದಕ್ಕೆ ಇಂದಿಗೂ 'ಮರೈನ್' ವಿಮೆ ಎಂದೇ ಹೆಸರು. ಹಡಗಿನ ಸರಕಿಗೆ ಹುಟ್ಟಿಕೊಂಡ ಈ ವಿಮೆ, ಕಾಲಕ್ರಮದಲ್ಲಿ ಲಾರಿ, ರೈಲುಗಳ ಸರಕಿಗೂ ವಿಸ್ತರಿಸಿತು, ಹೆಸರು ಮಾತ್ರ ಹಾಗೆಯೇ ಉಳಿಯಿತು. ಹೆಸರನ್ನು ಕೇಳಿ 'ಇದು ನಮಗಲ್ಲ' ಎಂದು ಮುಂದೆ ಹೋಗುವ ಸಣ್ಣ ವ್ಯಾಪಾರಿಗಳು ತಮಗೆ ಬೇಕಾದದ್ದನ್ನೇ ಬಿಟ್ಟು ಹೋಗುತ್ತಾರೆ.

ದೇಶದೊಳಗಿನ ಸಾಗಣೆಗೆ ಮೂರು ಬಗೆಯ ಷರತ್ತುಗಳು ಬಳಕೆಯಲ್ಲಿವೆ: ಒಳನಾಡು ಸಾಗಣೆ ಷರತ್ತು ಎ, ಬಿ ಮತ್ತು ಸಿ. 'ಸಿ'ಯಲ್ಲಿ ಬೆಂಕಿ ಮತ್ತು ಸಿಡಿಲಿನಿಂದಾಗುವ ನಷ್ಟಕ್ಕೆ ಮಾತ್ರ ರಕ್ಷಣೆ. 'ಬಿ'ಯಲ್ಲಿ ಇವುಗಳ ಜತೆಗೆ ಸೇತುವೆ ಕುಸಿತ, ವಾಹನ ಡಿಕ್ಕಿ, ವಾಹನ ಉರುಳುವುದು, ರೈಲು ಹಳಿ ತಪ್ಪುವುದು ಸೇರುತ್ತವೆ. 'ಎ'ಯಲ್ಲಿ, ಹೊರತುಪಡಿಸಿದ್ದೇವೆ ಎಂದು ಹೆಸರಿಸಿದ ಕಾರಣಗಳನ್ನು ಬಿಟ್ಟು ಉಳಿದೆಲ್ಲ ಅಪಾಯಗಳಿಗೂ ರಕ್ಷಣೆ ಇದೆ.

ಕೊರಿಯರ್ ಪೆಟ್ಟಿಗೆಗೆ ಒದಗುವ ನಿತ್ಯದ ಅಪಾಯ ಯಾವುದು ಎಂದು ಯೋಚಿಸಿದರೆ ಆಯ್ಕೆ ಸುಲಭವಾಗುತ್ತದೆ. ಬೆಂಕಿ, ಅಪಘಾತಗಳು ಅಪರೂಪ. ಪೆಟ್ಟಿಗೆ ವಿಂಗಡಣೆ ಕೇಂದ್ರದಲ್ಲಿ ಮಾಯವಾಗುವುದು, ಒಳಗಿನ ವಸ್ತು ಕದ್ದು ಖಾಲಿ ಪೆಟ್ಟಿಗೆ ತಲುಪುವುದು, ಎತ್ತಿ ಒಗೆದು ಒಡೆಯುವುದು, ಮಳೆಯಲ್ಲಿ ನೆನೆಯುವುದು ಹೆಚ್ಚು. ಇವು ಯಾವುವೂ 'ಬಿ' ಅಥವಾ 'ಸಿ'ಯ ಪಟ್ಟಿಯಲ್ಲಿ ಇಲ್ಲ. ಗುಡ್ಡ ಕುಸಿತವೂ ಇಲ್ಲ. ಪ್ರೀಮಿಯಂ ಅಗ್ಗವೆಂದು 'ಬಿ' ಕೊಂಡವರು, ಕಳವಾದಾಗ ಕೈಚೆಲ್ಲಬೇಕಾಗುತ್ತದೆ.

'ಎ' ಷರತ್ತಿನಲ್ಲೂ ಹೊರಗುಳಿಯುವ ಸಂಗತಿಗಳಿವೆ. ವಿಮೆ ಮಾಡಿಸಿದವರು ಬೇಕೆಂದೇ ಮಾಡಿದ ಹಾನಿ, ವಸ್ತುವಿನ ಸಹಜ ಸ್ವಭಾವದಿಂದಾಗುವ ಕೆಡುಕು, ಸಹಜ ಸೋರಿಕೆ, ತೂಕದ ಇಳಿಕೆ, ವಿಳಂಬದಿಂದಾಗುವ ನಷ್ಟ ಮತ್ತು ಸಾಲದ ಪ್ಯಾಕಿಂಗ್ ಇವುಗಳಲ್ಲಿ ಮುಖ್ಯವಾದವು. ಮುಷ್ಕರ, ಗಲಭೆಗಳ ರಕ್ಷಣೆಯನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು. ಅನೇಕ ಪಾಲಿಸಿಗಳು ಚಿನ್ನಾಭರಣ, ನಗದು, ಕಲಾಕೃತಿ, ಪ್ರಾಚೀನ ವಸ್ತುಗಳನ್ನು ಹೆಸರು ಹೇಳಿಯೇ ಹೊರಗಿಡುತ್ತವೆ. ತಾಂಗ್ಕಾ ಚಿತ್ರ ಮಾರುವವರು ಪಾಲಿಸಿ ಕೊಳ್ಳುವ ಮೊದಲೇ ಇದನ್ನು ಬರವಣಿಗೆಯಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು.

ಅಪರೂಪಕ್ಕೊಮ್ಮೆ ಕಳುಹಿಸುವವರಿಗೆ ಒಂದೇ ಪ್ರಯಾಣದ ಪಾಲಿಸಿ ಸಾಕು. ವರ್ಷವಿಡೀ ಕಳುಹಿಸುವವರಿಗೆ 'ಓಪನ್ ಪಾಲಿಸಿ' ಅನುಕೂಲ. ವರ್ಷಕ್ಕೆ ಅಂದಾಜು ಮೊತ್ತಕ್ಕೆ ವಿಮೆ ಮಾಡಿಸಿ, ಕಳುಹಿಸಿದ ಪ್ರತಿ ಸರಕನ್ನೂ ಆಗಾಗ ಘೋಷಿಸುತ್ತ ಹೋಗುವುದು ಇದರ ಕ್ರಮ. ಘೋಷಿಸಲು ಮರೆತ ಪೆಟ್ಟಿಗೆಗೆ ರಕ್ಷಣೆ ಸಿಗುವುದು ಕಷ್ಟ. ಹಲವು ಕೊರಿಯರ್‌ಗಳನ್ನು ಒಂದೆಡೆ ತರುವ ಸೇವಾ ಸಂಸ್ಥೆಗಳು ಪಾರ್ಸೆಲ್ ಒಂದರ ಲೆಕ್ಕದಲ್ಲೂ ವಿಮೆ ಒದಗಿಸುತ್ತವೆ. ಗ್ರಾಹಕರು ತಿರಸ್ಕರಿಸಿದ ವಸ್ತು ಮರಳಿ ಬರುವ ಪ್ರಯಾಣ ಪಾಲಿಸಿಯಲ್ಲಿ ಸೇರಿದೆಯೇ ಎಂಬುದನ್ನು ಎಲ್ಲರೂ ನೋಡಿಕೊಳ್ಳಬೇಕು. ಹೋಗುವಾಗ ಇದ್ದ ರಕ್ಷಣೆ ಬರುವಾಗಲೂ ಇರುತ್ತದೆಂಬ ಭರವಸೆ ಇಲ್ಲ.

ಒಂದೇ ಒಂದು ಕೌದಿಯ ಬೆಲೆ ಎಷ್ಟು?

ಕಾರ್ಖಾನೆಯ ಮೊಬೈಲ್ ಕಳೆದರೆ ಅದರ ಬೆಲೆ ಎಷ್ಟೆಂಬ ಚರ್ಚೆಯೇ ಇಲ್ಲ. ಆದರೆ ಕೈಕೆಲಸದ ವಸ್ತುವಿನ ಕಥೆ ಬೇರೆ. ಸಿದ್ದಿ ಕೌದಿಯ ಕಚ್ಚಾವಸ್ತು ಹಳೆಯ ಸೀರೆ, ಅಂಗಿಗಳ ತುಂಡು. ಅದರ ಬೆಲೆ ಇರುವುದು ವಾರಗಟ್ಟಲೆಯ ಹೊಲಿಗೆಯಲ್ಲಿ, ಬಣ್ಣಗಳ ಜೋಡಣೆಯಲ್ಲಿ. ಒಂದರಂತೆ ಇನ್ನೊಂದಿಲ್ಲ. ವಿಮೆಯ ಮೂಲ ತತ್ವ ನಷ್ಟವನ್ನು ತುಂಬಿಕೊಡುವುದೇ ಹೊರತು ಲಾಭ ಕೊಡುವುದಲ್ಲ. ಹೀಗಾಗಿ ಬೆಲೆಗೆ ಪುರಾವೆ ಇಲ್ಲದಿದ್ದರೆ ನಷ್ಟದ ಅಂದಾಜು ಬಟ್ಟೆಯ ಬೆಲೆಗೇ ಇಳಿದು ನಿಲ್ಲುವ ಅಪಾಯವಿದೆ.

ಇದಕ್ಕೆ ದಾರಿ, ಮೊದಲೇ ಒಪ್ಪಿದ ಮೌಲ್ಯದ ಪಾಲಿಸಿ. 1963ರ ಸಾಗರ ವಿಮಾ ಕಾಯ್ದೆ ಇದಕ್ಕೆ ಅವಕಾಶ ಕೊಟ್ಟಿದೆ. ವಂಚನೆ ಇಲ್ಲದಿದ್ದರೆ ಪಾಲಿಸಿಯಲ್ಲಿ ನಿಗದಿಪಡಿಸಿದ ಮೌಲ್ಯವೇ ಅಂತಿಮ. ಆ ಮೌಲ್ಯವನ್ನು ಸಮರ್ಥಿಸಲು ಗ್ರಾಹಕರ ಆರ್ಡರ್, ಹಣ ಪಾವತಿಯ ದಾಖಲೆ, ಇಂಥದ್ದೇ ವಸ್ತುಗಳ ಹಿಂದಿನ ಬಿಲ್ಲುಗಳು, ಛಾಯಾಚಿತ್ರ, ಅಳತೆ ಇವು ಕೈಯಲ್ಲಿರಬೇಕು. ಸಾಗಣೆ ವಿಮೆಯಲ್ಲಿ ಬಿಲ್ ಮೊತ್ತ ಮತ್ತು ಬಾಡಿಗೆಯ ಮೇಲೆ ಶೇ. 10ರಷ್ಟು ಸೇರಿಸಿ ಮೊತ್ತ ನಿಗದಿಪಡಿಸುವ ವಾಡಿಕೆಯಿದೆ. ಜಿಎಸ್‌ಟಿ ನೋಂದಣಿ ಇರುವವರು ಇನ್ನೊಂದು ಲೆಕ್ಕವನ್ನೂ ಮರೆಯಬಾರದು. ಕಳೆದುಹೋದ, ಕಳವಾದ ಅಥವಾ ನಾಶವಾದ ಸರಕಿನ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಕೇಂದ್ರ ಜಿಎಸ್‌ಟಿ ಕಾಯ್ದೆಯ ಪ್ರಕಾರ ಮರಳಿಸಬೇಕು. ಅದೂ ನಷ್ಟದ ಭಾಗವೇ.

ಪ್ರೀಮಿಯಂ ಉಳಿಸಲು ಬೆಲೆ ಕಡಿಮೆ ಬರೆಯುವುದು ದುಬಾರಿ ಜಾಣತನ. 40,000 ರೂಪಾಯಿಯ ನೆಲಹಾಸಿಗೆ 10,000 ರೂಪಾಯಿಯಷ್ಟೇ ವಿಮೆ ಮಾಡಿಸಿದ್ದರೆ, ಉಳಿದ ಮುಕ್ಕಾಲು ಪಾಲಿಗೆ ಮಾಲೀಕರೇ ವಿಮಾದಾರರು ಎಂದು ಕಾನೂನು ಭಾವಿಸುತ್ತದೆ. ಅರ್ಧ ಹಾಳಾಗಿ 20,000 ರೂಪಾಯಿ ನಷ್ಟವಾದರೆ ಸಿಗುವುದು ಕಾಲು ಪಾಲು, 5,000 ರೂಪಾಯಿ ಮಾತ್ರ. ಹೆಚ್ಚು ಬರೆಯುವುದೂ ಸಲ್ಲದು. ವಿಮೆ ಪರಮ ವಿಶ್ವಾಸದ ಒಪ್ಪಂದ. ಸುಳ್ಳು ಬೆಲೆ ಇಡೀ ಪಾಲಿಸಿಯನ್ನೇ ಕೆಡಿಸಬಲ್ಲದು.

ಗಡಿ ದಾಟುವ ಕಾಗದ

2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ರಾಜ್ಯಗಳ ಗಡಿಗಳಲ್ಲಿದ್ದ ವಾಣಿಜ್ಯ ತೆರಿಗೆ ತನಿಖಾ ಠಾಣೆಗಳು ಮುಚ್ಚಿದವು. ಆದರೆ ತಪಾಸಣೆ ನಿಂತಿಲ್ಲ. ಗೋವಾದಿಂದ ಬರುವ ಮದ್ಯದ ಮೇಲೆ ಕಣ್ಣಿಡುವ ಅನಮೋಡದ ಅಬಕಾರಿ ತನಿಖಾ ಠಾಣೆಯ ಹೆಸರು ಸುದ್ದಿಯಲ್ಲಿ ಆಗಾಗ ಕೇಳಿಬರುತ್ತದೆ. ತೆರಿಗೆ ಅಧಿಕಾರಿಗಳೂ ರಸ್ತೆಯಲ್ಲಿ ವಾಹನ ತಡೆದು ಇ-ವೇ ಬಿಲ್ ನೋಡಬಹುದು.

ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ 2018ರ ಏಪ್ರಿಲ್ 1ರಿಂದ ಕಡ್ಡಾಯ. ಸಾಮಾನ್ಯವಾಗಿ 50,000 ರೂಪಾಯಿ ಮೀರಿದ ಸರಕಿಗೆ ಮಾತ್ರ ಇದು ಬೇಕು. ಆದರೆ ಕರಕುಶಲ ವಸ್ತುಗಳ ವಿಷಯದಲ್ಲಿ ಬಹಳ ಮಂದಿಗೆ ತಿಳಿಯದ ಒಂದು ಉಪನಿಯಮವಿದೆ. ನೋಂದಣಿಯಿಂದ ವಿನಾಯಿತಿ ಪಡೆದವರು ಅಧಿಸೂಚಿತ ಕರಕುಶಲ ವಸ್ತುಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಕಳುಹಿಸುವಾಗ, ಬೆಲೆ ಎಷ್ಟೇ ಇರಲಿ, ಇ-ವೇ ಬಿಲ್ ಬೇಕು. ಹಳಿಯಾಳದಿಂದ ಹುಬ್ಬಳ್ಳಿಗೆ ಬೇಡವಾದ ಕಾಗದ, ಅನಮೋಡ ದಾಟಿ ಗೋವಾಕ್ಕೆ ಹೋಗುವಾಗ ಬೇಕಾಗಬಹುದು. ಘಟ್ಟ ಬಂದ್ ಆಗಿ ವಾಹನ ನಿಂತರೆ ಬಿಲ್ಲಿನ ಅವಧಿಯೂ ಮುಗಿಯಬಹುದು. ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ 8 ಗಂಟೆ ನಂತರದವರೆಗೆ ಸಾಗಣೆದಾರರು ಅದನ್ನು ವಿಸ್ತರಿಸಿಕೊಳ್ಳಬಹುದು.

ಇದಕ್ಕೂ ವಿಮೆಗೂ ಏನು ಸಂಬಂಧ? ಕಾಗದ ಸರಿಯಿಲ್ಲದೆ ಜಪ್ತಿಯಾದ ಸರಕಿಗೆ ಸಾಗಣೆದಾರ ಹೊಣೆಯಲ್ಲ. ಕಾಗದದ ದೋಷಕ್ಕೆ ಸಾಗಣೆ ವಿಮೆಯೂ ಮದ್ದಲ್ಲ. ಹಳೆಯ ತಾಂಗ್ಕಾ ಚಿತ್ರಗಳನ್ನು ವಿದೇಶಕ್ಕೆ ಕಳುಹಿಸುವವರು 1972ರ ಪ್ರಾಚ್ಯವಸ್ತು ಕಾಯ್ದೆಯನ್ನೂ ನೆನಪಿಡಬೇಕು. ನೂರು ವರ್ಷ ಮೀರಿದ ಕಲಾಕೃತಿಯ ರಫ್ತಿಗೆ ಖಾಸಗಿಯವರಿಗೆ ಅವಕಾಶವಿಲ್ಲ. ಕಾನೂನುಬಾಹಿರ ಪ್ರಯಾಣಕ್ಕೆ ಯಾವ ವಿಮೆಯೂ ನಿಲ್ಲದು.

ಮಳೆಗಾಲದ ಪ್ಯಾಕಿಂಗ್

ಅನಮೋಡ, ಕ್ಯಾಸಲ್‌ರಾಕ್ ಸುತ್ತಮುತ್ತ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯ ಅರಿವು ಈ ಭಾಗದವರಿಗೆ ಹೊಸದಲ್ಲ. ಆ ಅರಿವೇ ವಿಮೆಯ ವಿಚಾರದಲ್ಲಿ ಅವರ ಮೇಲೆ ಒಂದು ಹೊಣೆ ಹೊರಿಸುತ್ತದೆ. ಮಳೆಗಾಲದಲ್ಲಿ ಬರಿಯ ರಟ್ಟಿನ ಪೆಟ್ಟಿಗೆಯಲ್ಲಿ ಕೌದಿ ಕಳುಹಿಸಿ ಅದು ನೆನೆದರೆ, 'ಪ್ಯಾಕಿಂಗ್ ಸಾಲದು' ಎಂದು ಕ್ಲೇಮು ತಿರಸ್ಕರಿಸಲು ವಿಮಾ ಕಂಪನಿಗೆ ದಾರಿ ಸಿಗುತ್ತದೆ. ಒಳಗೆ ನೀರು ಹೋಗದ ಪ್ಲಾಸ್ಟಿಕ್ ಹೊದಿಕೆ, ತೇವ ಹೀರುವ ಪೊಟ್ಟಣ, ಹೊರಗೆ ಗಟ್ಟಿ ಪೆಟ್ಟಿಗೆ, ಬಿಚ್ಚಿದರೆ ಗೊತ್ತಾಗುವ ಟೇಪು ಇಷ್ಟಾದರೂ ಇರಬೇಕು. ಪ್ಯಾಕ್ ಮಾಡುವುದನ್ನು ತೂಕದ ಸಮೇತ ಮೊಬೈಲಿನಲ್ಲಿ ಚಿತ್ರೀಕರಿಸಿಟ್ಟುಕೊಂಡರೆ ಮುಂದೆ ನೂರು ಮಾತು ಉಳಿಯುತ್ತದೆ.

ನಷ್ಟವಾದಾಗ ಮೊದಲ ಕೆಲಸ

ನಷ್ಟ ತಿಳಿದ ಕ್ಷಣದಿಂದ ಗಡಿಯಾರ ಓಡತೊಡಗುತ್ತದೆ. ಪೆಟ್ಟಿಗೆ ಒಡೆದು, ನೆನೆದು ಬಂದಿದ್ದರೆ ಪಡೆದವರು ವಿತರಣಾ ರಸೀದಿಯ ಮೇಲೆಯೇ ಅದನ್ನು ಬರೆಯಬೇಕು. 'ಸುಸ್ಥಿತಿಯಲ್ಲಿ ಪಡೆದೆ' ಎಂದು ಸಹಿಯಾದ ಮೇಲೆ ವಾದ ದುರ್ಬಲವಾಗುತ್ತದೆ. ಪೆಟ್ಟಿಗೆಯನ್ನೂ ಒಳಗಿನ ವಸ್ತುವನ್ನೂ ಎಸೆಯದೆ ಸರ್ವೇಯರ್ ನೋಡುವವರೆಗೆ ಇಟ್ಟುಕೊಳ್ಳಬೇಕು. ವಿಮಾ ಕಂಪನಿಗೆ ಕೂಡಲೇ ತಿಳಿಸಬೇಕು. ಸಾಗಣೆದಾರರಿಂದ ಹಾನಿಯ ಅಥವಾ ತಲುಪದಿರುವಿಕೆಯ ಪ್ರಮಾಣಪತ್ರ ಕೇಳಬೇಕು. ಕಳವಿನ ಶಂಕೆ ಇದ್ದರೆ ಪೊಲೀಸ್ ದೂರು ಬೇಕು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಸಾಗಣೆದಾರರಿಗೆ ಲಿಖಿತ ನೋಟಿಸು. ಸರಕು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ನೋಟಿಸು ಕೊಡದಿದ್ದರೆ 2007ರ ಕಾಯ್ದೆಯಡಿ ದಾವೆ ಹೂಡುವ ಹಕ್ಕೇ ಇಲ್ಲವಾಗುತ್ತದೆ. ವಿಮಾನದ ಸರಕಿನಲ್ಲಿ ಹಾನಿಯ ದೂರಿಗೆ ಒಡಂಬಡಿಕೆ ಕೊಡುವ ಗಡುವು ಕೇವಲ 14 ದಿನ.

'ವಿಮೆ ಇದೆಯಲ್ಲ, ಸಾಗಣೆದಾರರಿಗೆ ನೋಟಿಸು ಏಕೆ?' ಎಂಬ ಪ್ರಶ್ನೆ ಸಹಜ. ವಿಮಾ ಕಂಪನಿ ಪರಿಹಾರ ಕೊಟ್ಟ ಮೇಲೆ ಸಾಗಣೆದಾರರ ವಿರುದ್ಧದ ಹಕ್ಕು ಕಂಪನಿಗೆ ಒದಗುತ್ತದೆ. ಎಕನಾಮಿಕ್ ಟ್ರಾನ್ಸ್‌ಪೋರ್ಟ್ ಮತ್ತು ಚರಣ್ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2010ರಲ್ಲಿ ಈ ತತ್ವವನ್ನು ವಿವರವಾಗಿ ಹೇಳಿದೆ. ನೋಟಿಸು ಕೊಡದೆ, ಅಥವಾ ಸಾಗಣೆದಾರರು ಕೊಟ್ಟ ಅಲ್ಪ ಮೊತ್ತಕ್ಕೆ 'ಪೂರ್ಣ ಮತ್ತು ಅಂತಿಮ' ಎಂದು ಸಹಿ ಹಾಕಿ ಆ ಹಕ್ಕನ್ನು ಕೆಡಿಸಿದರೆ, ವಿಮಾ ಕಂಪನಿ ಪರಿಹಾರಕ್ಕೆ ತಕರಾರು ತೆಗೆಯಬಹುದು.

ನ್ಯಾಯದ ಬಾಗಿಲುಗಳು

ಕ್ಲೇಮು ತಿರಸ್ಕೃತವಾದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. 2017ರ ನಿಯಮಗಳ ಪ್ರಕಾರ ಒಬ್ಬರೇ ಮಾಲೀಕರಿರುವ ವ್ಯವಹಾರಗಳಿಗೂ ಅತಿಸಣ್ಣ ಉದ್ದಿಮೆಗಳಿಗೂ ಈ ಬಾಗಿಲು ತೆರೆದಿದೆ. ಪರಿಹಾರದ ಮಿತಿ 2023ರಲ್ಲಿ 50 ಲಕ್ಷ ರೂಪಾಯಿಗೆ ಏರಿದೆ. ವಕೀಲರು ಬೇಕಿಲ್ಲ, ಶುಲ್ಕವೂ ಇಲ್ಲ.

ಇನ್ನೊಂದು ದಾರಿ ಗ್ರಾಹಕರ ಆಯೋಗ. ಉತ್ತರ ಕನ್ನಡದವರಿಗೆ ಜಿಲ್ಲಾ ಆಯೋಗ ಇರುವುದು ಕಾರವಾರದಲ್ಲಿ. 2019ರ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಅಥವಾ ಕೆಲಸ ಮಾಡುವ ಸ್ಥಳದಲ್ಲೇ ದೂರು ಕೊಡಬಹುದು. ಕೊರಿಯರ್ ಕಂಪನಿಯ ಮುಖ್ಯ ಕಚೇರಿ ಮುಂಬಯಿ, ದೆಹಲಿಗಳಲ್ಲಿದ್ದರೂ ಅಲ್ಲಿಗೆ ಅಲೆಯಬೇಕಿಲ್ಲ. 'ನೀವು ವ್ಯಾಪಾರಿಗಳು, ಗ್ರಾಹಕರಲ್ಲ' ಎಂಬ ತಕರಾರು ಬಂದರೆ, ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸುವವರಿಗೆ ಕಾಯ್ದೆಯಲ್ಲೇ ರಕ್ಷಣೆ ಇದೆ. ವಿಮೆಯ ವಿಚಾರದಲ್ಲಂತೂ, ವಿಮೆ ಕೊಳ್ಳುವುದು ಲಾಭಕ್ಕಲ್ಲ, ನಷ್ಟ ತುಂಬಿಕೊಳ್ಳುವುದಕ್ಕೆ ಎಂದು ಹರ್ಸೋಲಿಯಾ ಮೋಟಾರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ.

ದಾರಿಗಳು ಇವೆ ನಿಜ. ಆದರೆ ಪ್ರತಿ ಬಾಗಿಲಿನಲ್ಲೂ ಕೇಳುವ ಮೊದಲ ಪ್ರಶ್ನೆ ಒಂದೇ: ಕಳುಹಿಸುವಾಗ ಬೆಲೆ ಎಷ್ಟೆಂದು ಬರೆದಿದ್ದಿರಿ? ಆ ಖಾಲಿ ಜಾಗದಲ್ಲಿ ಸರಿಯಾದ ಅಂಕಿ ಬರೆಯಲು ಅರ್ಧ ನಿಮಿಷ ಸಾಕು. ವಾರಗಟ್ಟಲೆ ಕುಳಿತು ಹೊಲಿದ ಕೌದಿ ಘಟ್ಟ ಇಳಿಯುವ ಮೊದಲು ಅದರ ಬೆಲೆಯನ್ನು ಹೇಳಬೇಕಾದವರು ಅದನ್ನು ಹೊಲಿದವರೇ. ಅವರು ಹೇಳದೆ ಬಿಟ್ಟರೆ, ತಕ್ಕಡಿಯೋ ಬಾಡಿಗೆಯ ರಸೀದಿಯೋ ಅವರ ಪರವಾಗಿ ಬೆಲೆ ಕಟ್ಟುತ್ತದೆ.